ಸೂಜಿ, ಮಾತ್ರೆ, ರಿಹ್ಯಾಬ್: ಮನೇಲೊಬ್ರು ಇಂಜೆಕ್ಷನ್ ಚಟಕ್ಕೆ ಬಿದ್ರೆ ಮೊದಲು ಯಾವ ಬಾಗಿಲು ತಟ್ಟೋದು

ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಂತು ನಂಗೆ ಹದಿನೈದು ವರ್ಷದ ಮೇಲಾಯ್ತು. ಇನ್ಸುಲಿನ್ ಸಿರಿಂಜ್ ಕೇಳ್ಕೊಂಡು ಬರೋರು ಎರಡು ಥರ. ಶುಗರ್ ಇರೋ ಮನೆಯೋರು ಪ್ಯಾಕೆಟ್ ಲೆಕ್ಕದಲ್ಲಿ ತಗೋತಾರೆ, ಇನ್ಸುಲಿನ್ ಫ್ರಿಜ್ಜಿಂದ ತೆಗೆದುಕೊಡಿ ಅಂತಾರೆ, ಐಸ್ ಪ್ಯಾಕ್ ಇದ್ಯಾ ಕೇಳ್ತಾರೆ. ಇನ್ನೊಂದು ಥರದೋರು ಅಂಗಡಿ ಮುಚ್ಚೋ ಹೊತ್ತಿಗೆ ಬರ್ತಾರೆ, ಕಿತ್ತಳೆ ಕ್ಯಾಪಿಂದು ಒಂದೇ ಒಂದು ಕೇಳ್ತಾರೆ, ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ಶರ್ಟು. ಮೊದಮೊದ್ಲು ನಾನು ಸ್ಟಾಕ್ ಇಲ್ಲ ಅಂತ ಕಳಿಸ್ಬಿಡ್ತಿದ್ದೆ, ಒಂದು ಒಳ್ಳೇ ಕೆಲಸ ಮಾಡ್ದೆ ಅನ್ಕೊಂಡು ಶಟರ್ ಎಳೀತಿದ್ದೆ. ಆಮೇಲೊಂದಿನ ಗೊತ್ತಾಯ್ತು, ನಮ್ಮಕ್ಕನ ಮಗಾನೂ ಆ ಎರಡನೇ ಥರದೋರಲ್ಲಿ ಒಬ್ಬ ಅಂತ.

ಅಲ್ಲಿಂದ ಇಲ್ಲಿವರೆಗೆ ನಾನು ಓಡಾಡಿದ್ದು, ಡಾಕ್ಟರ್‌ಗಳನ್ನ ಕೇಳಿದ್ದು, ಓದಿದ್ದು ಎಲ್ಲ ಸೇರಿಸಿ ಇದನ್ನ ಬರೀತಿದೀನಿ, ಯಾಕಂದ್ರೆ ಈಗ ಬೇರೆ ಮನೆಯೋರು ಬಂದು ಕೌಂಟರ್ ಮೇಲೆ ಬಗ್ಗಿ ಮೆಲ್ಲಗೆ ಕೇಳೋಕೆ ಶುರು ಮಾಡಿದಾರೆ, ಅಣ್ಣ ಯಾವುದಾದ್ರೂ ಒಳ್ಳೇ ಸೆಂಟರ್ ಇದ್ರೆ ಹೇಳಿ ಅಂತ. ನಾನು ಡಾಕ್ಟರ್ ಅಲ್ಲ. ಡೋಸು ಗೀಸು ನಾನು ಹೇಳಲ್ಲ. ಆದ್ರೆ ಯಾವ ದಾರಿ ಯಾವ ಕೆಲಸಕ್ಕೆ ಇರೋದು ಅನ್ನೋದು ಗೊತ್ತಿಲ್ದೆ ನಾವು ಕಳ್ಕೊಂಡ ಒಂದು ವರ್ಷ ಇನ್ನೊಬ್ರು ಕಳ್ಕೋಬಾರ್ದು ಅಂತ ಅಷ್ಟೆ.

ಮೊದಲು ಅವನು ತಗೊಳ್ತಿರೋದು ಏನು ಅನ್ನೋದು ತಿಳ್ಕೊಳ್ಳಿ, ಬಾಕಿದೆಲ್ಲ ಆಮೇಲೆ. ಮನೆಯೋರು ಎಲ್ಲದಕ್ಕೂ ಡ್ರಗ್ಸ್ ಅಂತ ಒಂದೇ ಹೆಸರಿಡ್ತಾರೆ. ಸೊಪ್ಪು ಅಂದ್ರೆ ಗಾಂಜಾ ಸೇದೋನಿಗೆ ಸೂಜಿ ಯೋಜನೇನೂ ಬೇಡ, ಕೆಳಗೆ ಹೇಳೋ ಬುಪ್ರೆನಾರ್ಫಿನ್ ಮಾತ್ರೇನೂ ಬೇಡ, ಅವನಿಗೆ ಕೌನ್ಸೆಲಿಂಗು, ಸೈಕಿಯಾಟ್ರಿ ಓಪಿಡಿ ಸಾಕು. ಎಂಡಿ ಅಂದ್ರೆ ಮೆಫೆಡ್ರೋನ್ (2025ರ ಜುಲೈನಲ್ಲಿ ಮುಂಬೈ ಪೊಲೀಸರು ನಮ್ಮ ಮೈಸೂರಿನ ಹೊರವಲಯದಲ್ಲೇ ಅದನ್ನ ತಯಾರು ಮಾಡೋ ಜಾಗ ಹಿಡಿದಿದ್ರಲ್ಲ, ಅದು) ಬೇರೇನೇ ಜಾತಿ, ಅದಕ್ಕೆ ಬದಲಿ ಅಂತ ಕೊಡೋ ಮಾತ್ರೆ ಯಾವುದೂ ಇಲ್ಲ, ಆದ್ರೆ ಅದನ್ನೂ ಕೆಲವರು ಸೂಜೀಲಿ ಹಾಕ್ಕೋತಾರೆ, ಅಂಥೋರಿಗೆ ಹೊಸ ಸೂಜಿ ಬೇಕೇ ಬೇಕು. ಇನ್ನುಳಿದಿದ್ದು ಅಫೀಮಿನ ಬಳಗ. ಬ್ರೌನ್ ಶುಗರ್, ಹೆರಾಯಿನ್, ಆಮೇಲೆ ನೋವಿನ ಮಾತ್ರೆಗಳು. 2018ರಲ್ಲಿ ಟ್ರಮಡಾಲ್‌ನ ಡ್ರಗ್ಸ್ ತಡೆಯೋ ಎನ್‌ಡಿಪಿಎಸ್ ಕಾಯ್ದೆ ಕೆಳಗೆ ತಂದ್ರು, ಚಟ ಇದ್ದೋರು ಟಪೆಂಟಡಾಲ್ ಕಡೆ ತಿರುಗಿದ್ರು. ನಮ್ಮ ಹುಡುಗ ಬೆಂಗಳೂರಲ್ಲಿ ಡೆಲಿವರಿ ಕೆಲಸಕ್ಕೆ ಹೋದೋನು ಅಲ್ಲಿ ರೂಮಲ್ಲಿ ಕಲಿತಿದ್ದು ಇದನ್ನೇ, ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಹತ್ತೀಲಿ ಸೋಸಿ ಹಾಕ್ಕೊಳ್ಳೋದು. ಮಾತ್ರೆ ಹೊಟ್ಟೆಗೆ ಅಂತ ಮಾಡಿರೋದು ಕಣ್ರೀ, ಅದ್ರಲ್ಲಿ ಟಾಲ್ಕು, ಪಿಷ್ಟ ಎಲ್ಲ ಇರುತ್ತೆ, ಅದು ಕರಗಲ್ಲ, ನರದೊಳಗೆ ಹೋಗಿ ಕೂತ್ಕೊಳ್ಳುತ್ತೆ. ಅವನ ಎಡಗೈ ಮೊಣಕೈ ಮಡಿಕೇಲಿ ನಿಂಬೆಹಣ್ಣು ಗಾತ್ರ ಕೀವಿನ ಗಡ್ಡೆ ಆಗಿತ್ತು, ನಾನು ಬ್ಯಾಂಡೇಜ್ ಬಿಚ್ಚಿ ನೋಡಿದಾಗ ಕೆಳಗಿನ ನರ ಹಗ್ಗದ ಥರ ಗಟ್ಟಿ.

ಈಗ ದಾರಿಗಳಿಗೆ ಬರ್ತೀನಿ.

ಸೂಜಿ ಬದಲಾಯಿಸಿಕೊಡೋ ಯೋಜನೆ

ಇದರ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ನಮ್ಮ ಕಡೆ ಹೆಸರು ಕೇಳಿದ ತಕ್ಷಣ ಜನ ಸಿಟ್ಟಾಗೋದು ಇದಕ್ಕೇನೆ. ಸರ್ಕಾರಾನೇ ಸೂಜಿ ಕೊಟ್ಟು ಹಾಕ್ಕೋ ಅನ್ನುತ್ತಾ ಅಂತ ನಮ್ಮಕ್ಕನೂ ಅಂದ್ಳು. ನಾನೂ ಹಾಗೇ ಅನ್ಕೊಂಡಿದ್ದೆ.

ನಡೆಯೋದು ಹಿಂಗೆ. ನ್ಯಾಕೋ ಅಂದ್ರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅವರ ದುಡ್ಡಲ್ಲಿ ಎನ್‌ಜಿಒಗಳು ನಡೆಸೋ ಟಿಐ ಅನ್ನೋ ಪ್ರಾಜೆಕ್ಟ್‌ಗಳಿವೆ, ಅದರಲ್ಲಿ ಒಂದು ಬಗೆ ಇಂಜೆಕ್ಷನ್ ತಗೊಳ್ಳೋರಿಗೆ ಅಂತಾನೇ ಇರೋದು. ಒಂದು ಡ್ರಾಪ್ ಇನ್ ಸೆಂಟರ್ ಇರುತ್ತೆ, ಅಲ್ಲಿ ಹೋಗಿ ಮುಖ ತೊಳ್ಕೊಂಡು ಸ್ವಲ್ಪ ಹೊತ್ತು ಮಲಗ್ಬಹುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸ್ಕೋಬಹುದು. ಪಿಯರ್ ಎಜುಕೇಟರ್ ಅಂತ ಇರ್ತಾರೆ, ಹೆಚ್ಚಿನೋರು ಒಂದು ಕಾಲದಲ್ಲಿ ತಾವೇ ಹಾಕ್ಕೊಳ್ತಿದ್ದೋರು, ಅವರು ಬ್ಯಾಗ್ ಹಾಕ್ಕೊಂಡು ಹುಡುಗರು ಇರೋ ಜಾಗಕ್ಕೇ ಹೋಗ್ತಾರೆ. ಹಳೇ ಸೂಜಿ ಎಣಿಸಿ ಚುಚ್ಚದ ಥರದ ಡಬ್ಬಿಗೆ ಹಾಕಿಸ್ಕೋತಾರೆ, ಹೊಸಾದು ಕೊಡ್ತಾರೆ, ಜೊತೆಗೆ ಸ್ಪಿರಿಟ್ ಸ್ವಾಬು, ಕಾಂಡೋಮು. ಎಚ್‌ಐವಿ ಟೆಸ್ಟ್‌ಗೆ ಕರ್ಕೊಂಡು ಹೋಗ್ತಾರೆ. ಎಲ್ಲ ಫ್ರೀ. ಅವರು ಡ್ರಗ್ ಕೊಡಲ್ಲ, ಕೊಡೋದು ಸೂಜಿ ಮಾತ್ರ.

ಯಾಕೆ ಬೇಕು ಅಂದ್ರೆ, ಮಣಿಪುರದಲ್ಲಿ 1989ರಲ್ಲಿ ಸೂಜಿ ಹಾಕ್ಕೊಳ್ಳೋರ ಟೆಸ್ಟ್ ಮಾಡ್ತಿದ್ದಾಗ ಎಚ್‌ಐವಿ ಇಲ್ಲವೇ ಇಲ್ಲ ಅನ್ನೋ ಹಾಗಿತ್ತು, ಒಂದು ವರ್ಷ ತುಂಬೋದ್ರೊಳಗೆ ಸುಮಾರು ಅರ್ಧ ಜನಕ್ಕೆ ಬಂದಿತ್ತು. ಅರ್ಧ ಜನ, ಒಂದೇ ವರ್ಷದಲ್ಲಿ! ಒಂದು ಸಿರಿಂಜ್ ನಾಲ್ಕು ಕೈ ದಾಟಿದ್ರೆ ಆಗೋದೇ ಅದು. ಔಷಧಿ ಅಂಗಡಿಯೋನಾಗಿ ನಂಗೆ ಇದಕ್ಕಿಂತ ಚುಚ್ಚಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋ ಕಥೆ. 80ರ ದಶಕದ ಶುರುವಲ್ಲಿ ಅಲ್ಲಿ ಅಂಗಡಿಗಳಲ್ಲಿ ಸಿರಿಂಜ್ ಸಿಗೋದು ನಿಂತೋಯ್ತು, ಪೊಲೀಸರ ಬಿಗಿ ಬೇರೆ, ಹುಡುಗರು ಹಾಕ್ಕೊಳ್ಳೋದು ಬಿಡ್ಲಿಲ್ಲ, ಒಂದೇ ಸಿರಿಂಜನ್ನ ಹಂಚ್ಕೊಂಡ್ರು ಅಷ್ಟೆ, 1986ರಲ್ಲಿ ಒಂದು ಕ್ಲಿನಿಕ್ಕಲ್ಲಿ ರಕ್ತ ನೋಡಿದ್ರೆ ಅರ್ಧಕ್ಕೂ ಮೇಲೆ ಪಾಸಿಟಿವ್. ಸ್ಟಾಕ್ ಇಲ್ಲ ಅಂತ ನಾನು ಕಳಿಸಿದ ಹುಡುಗರು ಎಲ್ಲಿಂದ ಎತ್ಕೊಂಡು ಹಾಕ್ಕೊಂಡ್ರೋ, ಆ ಮುಖಗಳು ಇವತ್ತೂ ನೆನಪಾಗುತ್ತೆ.

ಈ ಸೂಜಿ ಯೋಜನೇನ ಮೊದಲು ಶುರು ಮಾಡಿದ್ದು ಆಮ್‌ಸ್ಟರ್‌ಡ್ಯಾಮಲ್ಲಿ, 1984ರಲ್ಲಿ, ಅದೂ ಸರ್ಕಾರ ತಾನಾಗಿ ಅಲ್ಲ, ಡ್ರಗ್ ತಗೊಳ್ಳೋರ ಸಂಘಾನೇ ಕಾಮಾಲೆ ಅಂದ್ರೆ ಹೆಪಟೈಟಿಸ್ ಬಿ ಹರಡ್ತಿದೆ ಅಂತ ಒತ್ತಾಯ ಮಾಡಿ. ಅಮೆರಿಕದ ಇಂಡಿಯಾನಾದಲ್ಲಿ ಸ್ಕಾಟ್ ಕೌಂಟಿ ಅಂತ ಒಂದು ಸಣ್ಣ ಊರು ಕಡೆ, ನಮ್ಮ ಒಂದು ಹೋಬಳಿ ಅಷ್ಟು ಜನ ಇರ್ಬಹುದು, ಅಲ್ಲಿ 2015ರಲ್ಲಿ ನೋವಿನ ಮಾತ್ರೇನೇ ಕರಗಿಸಿ ಹಾಕ್ಕೊಂಡು ಇನ್ನೂರಕ್ಕೂ ಹೆಚ್ಚು ಜನಕ್ಕೆ ಎಚ್‌ಐವಿ ಬಂತು, ಸೂಜಿ ಯೋಜನೆ ಬೇಡ ಅಂತಿದ್ದ ರಾಜ್ಯಾನೇ ತುರ್ತು ಅಂತ ಅನುಮತಿ ಕೊಡ್ಬೇಕಾಯ್ತು. ನಮ್ಮ ಹುಡುಗ ಮಾಡ್ತಿದ್ದಿದ್ದೂ ಮಾತ್ರೆ ಕರಗಿಸೋದೇ ತಾನೇ.

ಸೂಜಿ ಕೊಟ್ರೆ ಚಟ ಜಾಸ್ತಿ ಆಗಲ್ವಾ ಅಂತ ಕೇಳೋರಿಗೆ, ಸಿಯಾಟಲ್‌ನಲ್ಲಿ ಮಾಡಿ 2000ದಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ, ಸೂಜಿ ಬದಲಾಯಿಸ್ಕೊಳ್ಳೋಕೆ ಹೊಸದಾಗಿ ಬಂದೋರು, ಯಾವತ್ತೂ ಬರದೇ ಇರೋರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಟ್ರೀಟ್ಮೆಂಟ್‌ಗೆ ಸೇರ್ತಿದ್ರು. ನಮ್ಮನೇಲೂ ಆಗಿದ್ದು ಅದೇ, ಅದನ್ನ ಮುಂದೆ ಹೇಳ್ತೀನಿ.

ಕಾನೂನು ಭಯ ಇದ್ರೆ ಕೇಳಿ. ಎಚ್‌ಐವಿ ಏಡ್ಸ್ ಕಾಯ್ದೆ 2017, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕೆ, ಅದರ 22ನೇ ಸೆಕ್ಷನ್ನು ಸೋಂಕು ತಡೆಯೋಕೆ ಹೀಗೆ ಸೂಜಿ ಕೊಡೋದು ಅಪರಾಧ ಅಲ್ಲ ಅನ್ನುತ್ತೆ, ಸೂಜಿ ಸಿರಿಂಜ್ ಉದಾಹರಣೇನೇ ಅಲ್ಲಿ ಬರೆದಿದೆ. ಇನ್ನೊಂದು ಕಡೆ ಎನ್‌ಡಿಪಿಎಸ್ ಕಾಯ್ದೆ 1985ರ ಪ್ರಕಾರ ಡ್ರಗ್ ಸೇವನೆ ಅಪರಾಧ ಹೌದು, ಆದ್ರೆ ಅದೇ ಕಾಯ್ದೆಯ 64ಎ ಸೆಕ್ಷನ್ನಲ್ಲಿ, ಚಟ ಇರೋನು ತಾನಾಗಿ ಟ್ರೀಟ್ಮೆಂಟ್‌ಗೆ ಸೇರಿದ್ರೆ ಸೇವನೆ ಕೇಸು, ಸಣ್ಣ ಪ್ರಮಾಣದ ಕೇಸಿಂದ ರಕ್ಷಣೆ ಸಿಗೋ ಅವಕಾಶ ಇದೆ. ಮಾರೋ ಕೇಸಿಗೆ ಅದು ನಡೆಯಲ್ಲ.

ಸೂಜಿ ಯೋಜನೇಲಿ ಆಗದೇ ಇರೋದೂ ಹೇಳ್ಬೇಕು. ಚಟ ಬಿಡಿಸಲ್ಲ. ಓವರ್‌ಡೋಸ್ ತಡೆಯಲ್ಲ. ಹೆಪಟೈಟಿಸ್ ಸಿ ಅಂತೂ ಸೂಜಿ ಒಂದರಿಂದ ಬರೋದಲ್ಲ, ಕಲಸೋ ಚಮಚ, ಸೋಸೋ ಹತ್ತಿ, ನೀರು ಹಂಚ್ಕೊಂಡ್ರೂ ಬರುತ್ತೆ, ಆ ವೈರಸ್ಸು ಸಿರಿಂಜ್ ಒಳಗೆ ವಾರಗಟ್ಟಲೆ ಜೀವ ಹಿಡ್ಕೊಂಡಿರುತ್ತೆ. ನಮ್ಮ ಹುಡುಗನಿಗೆ ಬಂದಿದ್ದೂ ಹಂಗೇ ಇರ್ಬೇಕು. ಮತ್ತೆ ನಮ್ಮ ಮೈಸೂರು ಮಂಡ್ಯದಂಥ ಕಡೆ ಇದು ಮೆಡಿಕಲ್ ಸ್ಟೋರ್ ಥರ ಬೀದಿಗೊಂದು ಇರಲ್ಲ, ಕೇಳಿ ಹುಡುಕ್ಕೊಂಡು ಹೋಗ್ಬೇಕು.

ನಾಲಿಗೆ ಕೆಳಗಿನ ಮಾತ್ರೆ, ಓಎಸ್‌ಟಿ

ಓಎಸ್‌ಟಿ ಅಂದ್ರೆ ಬದಲಿ ಔಷಧಿ ಚಿಕಿತ್ಸೆ. ಬುಪ್ರೆನಾರ್ಫಿನ್ ಅನ್ನೋ ಮಾತ್ರೆ, ನುಂಗೋದಲ್ಲ, ನಾಲಿಗೆ ಕೆಳಗೆ ಇಟ್ಕೊಂಡು ಕರಗಿಸೋದು. ಕೆಲವು ಕಡೆ ಮೆಥಡೋನ್ ಅನ್ನೋ ಸಿರಪ್ಪು ಇದೆ, ಅದು ನಮ್ಮ ದೇಶದಲ್ಲಿ ಕಮ್ಮಿ. ಅಫೀಮಿನ ಬಳಗದ ಡ್ರಗ್ ಮೆದುಳಲ್ಲಿ ಎಲ್ಲಿ ಹೋಗಿ ಕೂರುತ್ತೋ ಅಲ್ಲೇ ಇದೂ ಹೋಗಿ ಕೂರುತ್ತೆ, ಆದ್ರೆ ಮೆಲ್ಲಗೆ, ತುಂಬಾ ಹೊತ್ತು. ಹಂಗಾಗಿ ಮೈ ನೋವು, ಭೇದಿ, ನಡುಕ ಬರಲ್ಲ, ನಶೇನೂ ಏರಲ್ಲ, ಮನುಷ್ಯ ಕೆಲಸಕ್ಕೆ ಹೋಗ್ಬಹುದು.

ನ್ಯಾಕೋ ಓಎಸ್‌ಟಿ ಸೆಂಟರ್‌ಗಳಲ್ಲಿ ನರ್ಸು ಮಾತ್ರೆ ಪುಡಿ ಮಾಡಿ ಎದುರಿಗೇ ನಾಲಿಗೆ ಕೆಳಗೆ ಹಾಕ್ತಾರೆ, ಕರಗೋವರೆಗೂ ಅಲ್ಲೇ ಕೂರ್ಬೇಕು, ದಿನಾ ಹೋಗ್ಬೇಕು. ಸೈಕಿಯಾಟ್ರಿ ಡಾಕ್ಟರ್ ಹತ್ರ ಬುಪ್ರೆನಾರ್ಫಿನ್ ಜೊತೆ ನಲಾಕ್ಸೋನ್ ಸೇರಿಸಿರೋ ಮಾತ್ರೆ ಕೆಲವು ದಿನಕ್ಕೆ ಆಗೋಷ್ಟು ಮನೆಗೂ ಕೊಡೋದುಂಟು, ಅದನ್ನ ಕರಗಿಸಿ ಚುಚ್ಕೊಳ್ಳೋಕೆ ಹೋದ್ರೆ ಒಳಗಿರೋ ನಲಾಕ್ಸೋನ್ (ಅಫೀಮಿನ ಬಳಗದ ಡ್ರಗ್ ಏರದ ಹಾಗೆ ತಡೆಯೋ ಔಷಧಿ) ಕೆಲಸ ಕೆಡಿಸುತ್ತೆ, ಅದಕ್ಕೇ ಸೇರಿಸಿರೋದು. ನಮ್ಮ ಹುಡುಗನಿಗೆ ಹಿಂಗೇ ಮನೆಗೆ ಕೊಟ್ರು, ಮಾತ್ರೆ ಡಬ್ಬಿ ಅಕ್ಕನ ಬೀರು ಒಳಗೆ. ಬೆಳಿಗ್ಗೆ ಏಳು ಗಂಟೆಗೆ ಅವನು ಜಗಲಿ ಮೇಲೆ ಕೂತು ಬಾಯಿ ಮುಚ್ಕೊಂಡಿರ್ತಾನೆ, ಅಕ್ಕ ಗೋಡೆ ಗಡಿಯಾರ ನೋಡ್ಕೊಂಡು ಎದುರಿಗೇ ಹೂವು ಕಟ್ತಾ ಕೂತಿರ್ತಾಳೆ, ಹತ್ತು ನಿಮಿಷ ಇಬ್ರೂ ಮಾತಾಡಲ್ಲ, ಆಮೇಲೆ ಅವನು ಬಾಯಿ ತೆಗೆದು ತೋರಿಸ್ತಾನೆ, ಅವಳು ಕಾಫಿ ಕೊಡ್ತಾಳೆ.

ಒಂದು ಚಟ ಬಿಡಿಸಿ ಇನ್ನೊಂದು ಚಟ ಹತ್ತಿಸಿದ್ರಿ ಅಂತ ನೆಂಟರು ಅಂದ್ರು. ಶುಗರ್ ಇರೋನು ದಿನಾ ಇನ್ಸುಲಿನ್ ಹಾಕ್ಕೊಂಡ್ರೆ ಅದನ್ನ ಚಟ ಅಂತೀರಾ ಅಂತ ನಾನು ತಿರುಗಿಸಿ ಕೇಳಿದ್ದೆ. ಚಟ ಅಂದ್ರೆ ಅದಕ್ಕೋಸ್ಕರ ಕದಿಯೋದು, ಸುಳ್ಳು ಹೇಳೋದು, ಸಾಯ್ತೀನಿ ಅಂತ ಗೊತ್ತಿದ್ರೂ ಹಾಕ್ಕೊಳ್ಳೋದು. ಈ ಮಾತ್ರೆ ಮೇಲಿರೋ ಹುಡುಗ ಈಗ ಅಪ್ಪನ ಜೊತೆ ಗದ್ದೆಗೆ ನೀರು ಕಟ್ಟೋಕೆ ಹೋಗ್ತಿದಾನೆ. ಲೆಕ್ಕ ಬೇಕಾದ್ರೆ ಲೆಕ್ಕಾನೂ ಇದೆ: 2017ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೇಲಿ ಹಲವು ದೇಶದ ಅಧ್ಯಯನ ಸೇರಿಸಿ ನೋಡಿದ್ರು, ಮೆಥಡೋನ್ ಮೇಲೆ ಇದ್ದಾಗ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಸಾವು, ಬಿಟ್ಟು ಹೋದ ಮೇಲೆ ಸುಮಾರು 36. ಬುಪ್ರೆನಾರ್ಫಿನ್‌ಗೂ ಸಾವು ಕಮ್ಮಿ ಆಗೋ ಕಥೇನೇ. ಅದೇ ವರ್ಷ ಕಾಕ್ರೇನ್ ಅನ್ನೋ ಸಂಸ್ಥೆಯೋರು ಹಲವು ಅಧ್ಯಯನ ಸೇರಿಸಿ ಮಾಡಿದ ವಿಮರ್ಶೆ ಪ್ರಕಾರ ಬದಲಿ ಚಿಕಿತ್ಸೆ ಒಂದೇ ಹೆಪಟೈಟಿಸ್ ಸಿ ಹತ್ತೋ ಅಪಾಯವನ್ನ ಅರ್ಧ ಇಳಿಸುತ್ತೆ, ಹೊಸ ಸೂಜೀನೂ ಸಾಕಷ್ಟು ಸಿಕ್ಕಿದ್ರೆ ಮುಕ್ಕಾಲು ಭಾಗ ಇಳಿಯುತ್ತೆ. ಅದಕ್ಕೇ ಇದು ಅಥವಾ ಅದು ಅಂತ ಆರಿಸ್ಕೊಳ್ಳೋ ವಿಷಯಾನೇ ಅಲ್ಲ ಅಂತ ನಾನು ಹೇಳೋದು, ಮೊದಮೊದಲ ತಿಂಗಳುಗಳಲ್ಲಿ ಮಾತ್ರೆ ಮೇಲಿದ್ರೂ ಒಂದೆರಡು ಸಲ ಜಾರ್ತಾರೆ, ಆಗ ಕೈಗೆ ಸಿಗೋದು ಹೊಸ ಸೂಜಿ ಆಗಿರ್ಬೇಕು.

ಹುಷಾರಾಗಿರ್ಬೇಕಾದ್ದು ಎರಡು. ಮೈಯಲ್ಲಿ ಡ್ರಗ್ ಇನ್ನೂ ತುಂಬಿದ್ದಾಗ ಮೊದಲ ಬುಪ್ರೆನಾರ್ಫಿನ್ ಕೊಟ್ರೆ ಒಂದೇ ಸಲಕ್ಕೆ ಭಯಂಕರ ವಿತ್‌ಡ್ರಾವಲ್, ಅಂದ್ರೆ ಡ್ರಗ್ ಸಿಗದಿದ್ದಾಗ ಆಗೋ ಮೈ ನೋವು, ಭೇದಿ, ನಡುಕ ಬರುತ್ತೆ, ಅದಕ್ಕೇ ವಿತ್‌ಡ್ರಾವಲ್ ಶುರುವಾಗೋವರೆಗೂ ಕಾಯಿಸಿ ಡಾಕ್ಟರ್ ಎದುರಿಗೇ ಶುರು ಮಾಡ್ಬೇಕು, ಯಾರೋ ತಂದುಕೊಟ್ಟ ಮಾತ್ರೆ ಮನೇಲಿ ಶುರು ಮಾಡ್ಬೇಡಿ. ಎಣ್ಣೆ ಹೊಡ್ಯೋದು, ನಿದ್ದೆ ಮಾತ್ರೆ ಇವೆರಡೂ ಇದ್ರ ಜೊತೆ ಸೇರಿದ್ರೆ ಉಸಿರಾಟ ನಿಲ್ಲೋವರೆಗೂ ಹೋಗ್ಬಹುದು. ಎಷ್ಟು ದಿನ ತಗೋಬೇಕು ಅಂದ್ರೆ, ತಿಂಗಳಲ್ಲ, ವರ್ಷದ ಲೆಕ್ಕ. ಬೇಗ ನಿಲ್ಲಿಸಿ ಅಂತ ಮನೆಯೋರು ಡಾಕ್ಟರ್ ತಲೆ ತಿನ್ನೋದು ನಾನೇ ನೋಡಿದೀನಿ, ದಯವಿಟ್ಟು ಹಂಗೆ ಮಾಡ್ಬೇಡಿ.

ಡಿಟಾಕ್ಸು

ಆಸ್ಪತ್ರೇಲಿ ಹತ್ತು ದಿನ ಹದಿನೈದು ದಿನ ಇಟ್ಕೊಂಡು ವಿತ್‌ಡ್ರಾವಲ್ ದಾಟಿಸೋದು. ಹೆರಾಯಿನ್ ಆದ್ರೆ ಕೊನೇ ಡೋಸಾಗಿ ಎಂಟು ಹನ್ನೆರಡು ಗಂಟೆಗೆ ಶುರು, ಎರಡನೇ ಮೂರನೇ ದಿನ ಜೋರು, ವಾರದಲ್ಲಿ ಇಳಿಯುತ್ತೆ. ಇದನ್ನೇ ಪೂರ್ತಿ ಟ್ರೀಟ್ಮೆಂಟು ಅನ್ಕೊಂಡು ಡಿಸ್ಚಾರ್ಜ್ ಆದ ದಿನ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಮುಗೀತು ಅಂತ ಕೂರ್ತಾರೆ. ಮುಂದಕ್ಕೆ ಏನೂ ಗೊತ್ತು ಮಾಡದೇ ಡಿಟಾಕ್ಸ್ ಒಂದನ್ನೇ ಮಾಡಿಸೋದು, ಏನೂ ಮಾಡಿಸದೇ ಇರೋದಕ್ಕಿಂತ ಅಪಾಯ ಆಗ್ಬಹುದು.

ಬೀಗ ಹಾಕೋ ಸೆಂಟರು ಮತ್ತೆ ನಿಜವಾದ ರಿಹ್ಯಾಬು

ನಾವು ಮೊದಲು ಹೋಗಿದ್ದು ಇಲ್ಲಿಗೇನೆ. ಅಕ್ಕ ಅಳ್ತಾ, "ಎಲ್ಲಾರ ಒಂದ್ಕಡೆ ಕೂಡಾಕಪ್ಪ, ನಮ್ ಹೈದ ಉಳ್ಕಂಡ್ರೆ ಸಾಕು" ಅಂದ್ಳು. ಮೈಸೂರು ಆಚೆ ಒಂದು ಪ್ರೈವೇಟ್ ಸೆಂಟರು, ತಿಂಗಳಿಗೆ 15 ಸಾವಿರ, ಮೂರು ತಿಂಗಳದ್ದು ಮೊದ್ಲೇ ಕಟ್ಟಿಸ್ಕೊಂಡ್ರು. ರಾತ್ರಿ ನಾಲ್ಕು ಜನ ಜೀಪಲ್ಲಿ ಬಂದು ಎತ್ತಾಕ್ಕೊಂಡು ಹೋದ್ರು, ಅವನು "ಮಾವ, ಮಾವ" ಅಂತ ಕೂಗ್ತಿದ್ದ, ನಾನೇ ಕೈ ಹಿಡ್ಕೊಂಡು ಜೀಪಿಗೆ ಹತ್ತಿಸ್ದೆ. ಒಳಗೆ ಒಬ್ಬ ಸೈಕಿಯಾಟ್ರಿಸ್ಟೂ ಇರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ವಿತ್‌ಡ್ರಾವಲ್‌ಗೆ ಔಷಧಿ ಇಲ್ಲ, ಗಲಾಟೆ ಮಾಡಿದ್ರೆ ಕಿಟಕಿ ಸರಳಿಗೆ ಕೈ ಕಟ್ತಿದ್ರಂತೆ, ರಕ್ತ ಟೆಸ್ಟ್ ಒಂದೂ ಮಾಡಿಸಿಲ್ಲ.

ಮೂರು ತಿಂಗಳಾದ್ಮೇಲೆ ಮನೆಗೆ ಬಂದ, ಮೈ ತುಂಬ್ಕೊಂಡಿದ್ದ, ಅಕ್ಕ ಮುದ್ದೆ ಬಸ್ಸಾರು ಮಾಡಿ ಊರಿಗೆಲ್ಲ ಹೇಳಿದ್ಳು. ಐದನೇ ದಿನ ಬಚ್ಚಲುಮನೆ ಬಾಗಿಲು ಒಡೆದು ತೆಗೆದ್ವಿ. ತುಟಿ ನೀಲಿ, ಗೊರಕೆ ಥರ ಸದ್ದು, ಕಣ್ಣಪಾಪೆ ಸಾಸಿವೆ ಕಾಳಷ್ಟು. ಅವನು ಹಳೇ ಡೋಸನ್ನೇ ಹಾಕ್ಕೊಂಡಿದ್ದ. ಮೂರು ತಿಂಗಳು ಬಿಟ್ಟಿದ್ದ ಮೈಗೆ ತಡ್ಕೊಳ್ಳೋ ಶಕ್ತಿ ಹೋಗಿರುತ್ತೆ, ಮೊದ್ಲು ಏನೂ ಆಗ್ದೇ ಇದ್ದ ಡೋಸೇ ಈಗ ಕೊಲ್ಲುತ್ತೆ. ರಿಹ್ಯಾಬಿಂದ, ಜೈಲಿಂದ, ಡಿಟಾಕ್ಸಿಂದ ಬಂದ ಮೊದಲ ನಾಲ್ಕು ವಾರ ಇದಕ್ಕೇ ಅತಿ ಅಪಾಯ. ಈ ಒಂದು ಮಾತನ್ನ ನಮಗೆ ಯಾರಾದ್ರೂ ಮೊದ್ಲೇ ಹೇಳಿದ್ರೆ! 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಅಲುಗಾಡಿಸ್ತಾನೇ ಇದ್ವಿ, ಆಸ್ಪತ್ರೇಲಿ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟು ಎಬ್ಬಿಸಿದ್ರು. ಅದರ ಪವರ್ ಒಂದೂವರೆ ಗಂಟೆ ಒಳಗೆ ಇಳಿದೋಗ್ಬಹುದು, ಎದ್ದು ಕೂತ್ನಲ್ಲ ಅಂತ ತಕ್ಷಣ ಮನೆಗೆ ಕರ್ಕೊಂಡು ಬರ್ಬಾರ್ದು, ಮತ್ತೆ ಮುಳುಗ್ತಾರೆ.

ಎಲ್ಲ ರಿಹ್ಯಾಬೂ ಹಿಂಗೇ ಅಂತ ನಾನು ಹೇಳ್ತಿಲ್ಲ. ಮನೆ, ಸ್ನೇಹಿತರು, ಏರಿಯಾ ಎಲ್ಲ ಡ್ರಗ್ ಸುತ್ತಾನೇ ಇದ್ದಾಗ ಆ ಜಾಗದಿಂದ ಆಚೆ ತಂದು ನಾಲ್ಕು ತಿಂಗಳು ಬೇರೆ ದಿನಚರಿ ಕಲಿಸೋದು ದೊಡ್ಡ ವಿಷಯ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ನೆರವಲ್ಲಿ ನಡೆಯೋ ಐಆರ್‌ಸಿಎ ಅನ್ನೋ ಸೆಂಟರ್‌ಗಳಿವೆ, ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಎಟಿಎಫ್ ಅನ್ನೋ ಚಟ ಬಿಡಿಸೋ ವಿಭಾಗ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ಕೇಂದ್ರ ಇದೆ. ಸೇರಿಸೋ ಮೊದ್ಲು ಕೇಳಿ: ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ರಿಜಿಸ್ಟರ್ ಆಗಿದ್ಯಾ, ನಂಬರ್ ತೋರಿಸಿ. ಸೈಕಿಯಾಟ್ರಿಸ್ಟ್ ವಾರಕ್ಕೆ ಎಷ್ಟು ಸಲ ಬರ್ತಾರೆ. ವಿತ್‌ಡ್ರಾವಲ್‌ಗೆ ಏನು ಕೊಡ್ತೀರಿ. ನಾವು ಬಂದು ನೋಡ್ಬಹುದಾ, ಅವನು ಫೋನ್ ಮಾಡ್ಬಹುದಾ. ಆಚೆ ಬಂದ್ಮೇಲೆ ಫಾಲೋ ಅಪ್ ಏನು. ಎಚ್‌ಐವಿ, ಹೆಪಟೈಟಿಸ್ ಟೆಸ್ಟ್ ಮಾಡಿಸ್ತೀರಾ. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ಮದ್ಯ, ಡ್ರಗ್ಸ್‌ನ ಕಾಯಿಲೇನೂ ಸೇರಿದೆ, ರೋಗೀನ ಸರಪಳೀಲಿ ಕಟ್ಟೋದು ಆ ಕಾಯ್ದೇಲಿ ಪೂರ್ತಿ ನಿಷೇಧ. ಬುಪ್ರೆನಾರ್ಫಿನ್ ತಗೊಳ್ಳೋರನ್ನ ನಾವು ಸೇರಿಸ್ಕೊಳ್ಳಲ್ಲ, ಮೊದ್ಲು ಅದನ್ನ ಬಿಡಿಸ್ತೀವಿ ಅನ್ನೋ ಸೆಂಟರ್ ಆದ್ರೆ ನನ್ನ ಸಲಹೆ ಬೇರೆ ಕಡೆ ನೋಡಿ ಅಂತ.

ನಾಲ್ಟ್ರೆಕ್ಸೋನ್, ಎನ್‌ಎ ಮೀಟಿಂಗು

ನಾಲ್ಟ್ರೆಕ್ಸೋನ್ ಮಾತ್ರೆ ಡ್ರಗ್ಗು ಏರದ ಹಾಗೆ ತಡೆಯುತ್ತೆ, ಆದ್ರೆ ಶುರು ಮಾಡೋಕೆ ಮುಂಚೆ ವಾರ ಹತ್ತು ದಿನ ಪೂರ್ತಿ ಬಿಟ್ಟಿರ್ಬೇಕು, ದಿನಾ ಯಾರಾದ್ರೂ ಎದುರಿಗೆ ನುಂಗಿಸ್ಬೇಕು. ಬಿಡ್ಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿರೋನಿಗೆ, ನೋಡ್ಕೊಳ್ಳೋ ಹೆಂಡ್ತಿಯೋ ಅಪ್ಪ ಅಮ್ಮನೋ ಇರೋ ಮನೆಗೆ ಇದು ಸರಿ. ನಡುವೆ ನಿಲ್ಲಿಸಿ ಮತ್ತೆ ಹಾಕ್ಕೊಂಡ್ರೆ ಓವರ್‌ಡೋಸ್ ಭಯ ಇದ್ರಲ್ಲೂ ಇದೆ. ಎನ್‌ಎ ಅಂದ್ರೆ ನಾರ್ಕೋಟಿಕ್ಸ್ ಅನಾನಿಮಸ್, ಚಟ ಬಿಡ್ತಿರೋರೇ ಸೇರಿ ಒಬ್ರಿಗೊಬ್ರು ಆಸರೆಯಾಗೋ ಗುಂಪು, ಅದರ ಮೀಟಿಂಗ್ ದುಡ್ಡಿಲ್ಲದೆ ಸಿಗೋದು, ಜೊತೆಗಿರ್ಲಿ, ಔಷಧಿ ಬದಲು ಅಲ್ಲ.

ಹಾಗಾದ್ರೆ ಯಾರಿಗೆ ಯಾವುದು

ಇವತ್ತೂ ಹಾಕ್ಕೊಳ್ತಿದಾನೆ, ಬಿಡು ಅಂದ್ರೆ ಎದ್ದು ಹೋಗ್ತಾನೆ, ಮನೆ ಸೇರೋದೇ ವಾರಕ್ಕೊಂದ್ಸಲ, ಅಂಥವನಿಗೆ ಸೂಜಿ ಯೋಜನೆ ಮೊದಲು, ಯಾಕಂದ್ರೆ ಬಿಡು ಅನ್ನದೇ ಅವನ ಜೊತೆ ಮಾತಾಡೋ ಜಾಗ ಅದೊಂದೇ. ದಿನಾ ಹಾಕ್ಕೊಳ್ತಿದಾನೆ ಆದ್ರೆ ಸಾಕಾಗಿದೆ ಮಾವ ಅಂತಿದಾನೆ, ಕೆಲಸ ಉಳಿಸ್ಕೋಬೇಕು, ಮೂರು ತಿಂಗಳು ಒಳಗೆ ಕೂರೋಕಾಗಲ್ಲ, ಅವನಿಗೆ ಬುಪ್ರೆನಾರ್ಫಿನ್, ಅದಕ್ಕಿಂತ ಒಳ್ಳೇದು ನಂಗೆ ಗೊತ್ತಿಲ್ಲ. ಒಂದೆರಡು ತಿಂಗಳಿಂದ ಶುರು ಮಾಡ್ಕೊಂಡಿರೋ ಚಿಕ್ಕ ಹುಡುಗ, ಕಾಲೇಜು, ಅಷ್ಟೇನೂ ಅಂಟಿಲ್ಲ ಅಂದ್ರೆ ಸೈಕಿಯಾಟ್ರಿ ಡಾಕ್ಟರ್ ನೋಡಿ ಡಿಟಾಕ್ಸು, ಆಮೇಲೆ ನಾಲ್ಟ್ರೆಕ್ಸೋನ್, ಬಿಡದೆ ಫಾಲೋ ಅಪ್ ಅನ್ನೋ ದಾರಿ ಹಿಡಿಸ್ಬಹುದು. ರೂಮ್‌ಮೇಟೇ ಮಾರೋನು, ಏರಿಯಾ ಬಿಡದೆ ಉಳಿಯಲ್ಲ ಅನ್ನೋ ಪರಿಸ್ಥಿತೀಲಿ ರಿಹ್ಯಾಬು, ಆದ್ರೆ ಮಾತ್ರೆ ಮುಂದುವರಿಸೋ ರಿಹ್ಯಾಬು. ಎಂಡಿ ಚುಚ್ಕೊಳ್ಳೋನಾದ್ರೆ ಸೂಜಿ, ಟೆಸ್ಟು, ಕೌನ್ಸೆಲಿಂಗು, ಬದಲಿ ಮಾತ್ರೆ ಕೇಳ್ಬೇಡಿ. ಹೆಣ್ಮಕ್ಕಳ ವಿಷಯ ಯಾರೂ ಬಾಯಿ ಬಿಡಲ್ಲ, ಇದ್ದಾರೆ, ಬಸುರಿ ಆಗಿದ್ರೆ ಒಂದೇ ಸಲಕ್ಕೆ ಬಿಡಿಸೋಕೆ ಹೋಗ್ಲೇಬೇಡಿ, ಮಗೂಗೆ ಅಪಾಯ, ಆಗ ಬದಲಿ ಔಷಧೀನೇ ಸರಿ ಅಂತ ವಿಶ್ವ ಆರೋಗ್ಯ ಸಂಸ್ಥೇನೂ ಹೇಳುತ್ತೆ.

ಯಾವ ದಾರಿ ಹಿಡಿದ್ರೂ ಟೆಸ್ಟ್ ಮಾತ್ರ ತಪ್ಪಿಸ್ಬೇಡಿ. ಜಿಲ್ಲಾ ಆಸ್ಪತ್ರೆಗಳ ಐಸಿಟಿಸಿ ಅನ್ನೋ ಸಲಹೆ, ಪರೀಕ್ಷೆ ಕೇಂದ್ರದಲ್ಲಿ ಎಚ್‌ಐವಿ ಟೆಸ್ಟ್ ಫ್ರೀ, ಗುಟ್ಟಾಗಿಡ್ತಾರೆ. ಹೆಪಟೈಟಿಸ್ ಸಿಗೆ 2018ರ ಜುಲೈ 28ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಔಷಧಿ ಫ್ರೀ, ಸಾಮಾನ್ಯವಾಗಿ 12 ವಾರ ಮಾತ್ರೆ, ನೂರಕ್ಕೆ ತೊಂಬತ್ತೈದು ಜನಕ್ಕೆ ಪೂರ್ತಿ ವಾಸಿ ಆಗುತ್ತೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮೂರು ಡೋಸು, ಮನೆಯೋರೂ ಹಾಕಿಸ್ಕೊಳ್ಳಿ.

ನಮ್ಮ ಹುಡುಗನ ರಿಪೋರ್ಟ್ ಬಂದಾಗ ಹೆಪಟೈಟಿಸ್ ಸಿ ಪಾಸಿಟಿವ್, ಎಚ್‌ಐವಿ ನೆಗೆಟಿವ್. ಅಷ್ಟು ವರ್ಷ ಚುಚ್ಕೊಂಡೋನಿಗೆ ಎಚ್‌ಐವಿ ಹೆಂಗೆ ಬರ್ಲಿಲ್ಲ ಅಂತ ಕೇಳ್ದೆ. ಆಗ ಹೇಳಿದ, ಬೆಂಗಳೂರಲ್ಲಿ ಒಂದು ಡ್ರಾಪ್ ಇನ್ ಸೆಂಟರ್‌ಗೆ ಹೋಗ್ತಿದ್ನಂತೆ, ಅಲ್ಲಿನ ಅಣ್ಣ ಒಬ್ರು ಬೈಕಲ್ಲಿ ಬಂದು ಸೂಜಿ ಬದಲಾಯಿಸಿ ಕೊಡ್ತಿದ್ರಂತೆ, ಹೆಸರೂ ಊರೂ ಒತ್ತಾಯ ಮಾಡಿ ಕೇಳ್ತಿರ್ಲಿಲ್ಲ, ಪ್ರತಿ ಸಲಾನೂ ಊಟ ಆಯ್ತಾ ಅಂತ ಕೇಳಿ, ಬಿಡ್ಬೇಕು ಅನ್ಸಿದ್ರೆ ಹೇಳಪ್ಪ ನಾನೇ ಜೊತೇಲಿ ಬರ್ತೀನಿ ಅಂತಿದ್ರಂತೆ. ಆಸ್ಪತ್ರೇಲಿ ಪ್ರಜ್ಞೆ ಬಂದ್ಮೇಲೆ ಅವನು ಫೋನ್ ಮಾಡಿದ್ದು ನನಗಲ್ಲ, ಅವರಿಗೆ. ಮಾತ್ರೆ ಚಿಕಿತ್ಸೆ ಇದೆ, ಸೈಕಿಯಾಟ್ರಿ ಓಪಿಡಿಗೆ ಹೋಗು ಅಂತ ಹೇಳಿ ನಮಗೆ ದಾರಿ ತೋರಿಸಿದ್ದು ಅವರೇ, ಮೂರು ತಿಂಗಳಿಗೆ 45 ಸಾವಿರ ತಗೊಂಡ ಜಾಗ ಅಲ್ಲ.

ಎಲ್ಲಿ ಕೇಳೋದು ಅಂದ್ರೆ, 1097 ನ್ಯಾಕೋ ಸಹಾಯವಾಣಿ, ಅಲ್ಲಿ ಸುಮ್ನೆ ಡ್ರಗ್ಸ್ ಸಮಸ್ಯೆ ಅನ್ಬೇಡಿ, "ಇಂಜೆಕ್ಷನ್ ತಗೊಳ್ಳೋರು ಒಬ್ರಿದಾರೆ, ಹತ್ರದ ಟಿಐ ಎಲ್ಲಿದೆ, ಓಎಸ್‌ಟಿ ಎಲ್ಲಿದೆ" ಅಂತ ಹಿಂಗೇ ಕೇಳಿ. ಚಟ ಬಿಡಿಸೋ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿಗೆ ತಡ್ಯೋಕಾಗ್ದೇ ಇದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ಮನೆಯೋರೂ ಮಾಡ್ಬಹುದು, ನಮ್ಮಕ್ಕ ಮಾಡಿದಾಳೆ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡು ಕಡೇನೂ ಸೈಕಿಯಾಟ್ರಿ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಹೋಗುವಾಗ ಅವನು ತಗೊಳ್ತಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ ಸಿಕ್ಕಿದ್ರೆ ತಗೊಂಡು ಹೋಗಿ, ಡಾಕ್ಟರ್‌ಗೆ ಅದು ಬೇಕಾಗುತ್ತೆ. ಮನೇಲಿ ಸಿಕ್ಕ ಹಳೇ ಸೂಜೀನ ಕಸದ ಗಾಡಿಗೆ ಹಾಕ್ಬೇಡಿ, ಕೈ ಹಾಕೋರು ಪೌರಕಾರ್ಮಿಕರು, ಗಟ್ಟಿ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಮುಚ್ಚಳ ಬಿಗಿದು ಆಸ್ಪತ್ರೆಗೆ ತಂದುಕೊಡಿ. ನನ್ನ ಅಂಗಡಿ ಕೌಂಟರ್ ಕೆಳಗೂ ಈಗ ಅಂಥದೊಂದು ಡಬ್ಬಿ ಇಟ್ಟಿದೀನಿ, ಶಟರ್ ಎಳೆಯೋ ಹೊತ್ತಿಗೆ ಬರೋ ಹುಡುಗ್ರು ಹಳೇದು ಅದರೊಳಗೆ ಹಾಕ್ತಾರೆ, ಹೊಸದು ಕೊಡುವಾಗ ಪೊಟ್ಟಣದ ಮೇಲೆ 1097 ಅಂತ ಪೆನ್ನಲ್ಲಿ ಬರೆದು ಕೊಡ್ತೀನಿ, ಊಟ ಆಯ್ತಾ ಅಂತಾನೂ ಕೇಳ್ತೀನಿ.